ಹೊಟ್ಟೆ ಭಾರವಾಗದ ಥ್ಯಾಂಕ್ಸ್‌ಗಿವಿಂಗ್ ಟರ್ಕಿ ಊಟ

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಮೂರು ಗಂಟೆಗೆ ಊಟ ಮುಗಿಸಿ, ನಾಲ್ಕಕ್ಕೆ ಸೋಫಾ ಮೇಲೆ ಉರುಳಿ, ರಾತ್ರಿ ಎಂಟಕ್ಕೆ ಕಣ್ಣು ಬಿಟ್ಟು "ಟರ್ಕಿ ತಿಂದ್ರೆ ಹಿಂಗೇ ಕಣ್ರೀ" ಅನ್ನುವವರು ಎಲ್ಲ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಟರ್ಕಿ ಅನ್ನುವ ಈ ದೊಡ್ಡ ಕೋಳಿಯಂಥ ಹಕ್ಕಿಯ ಮಾಂಸದಲ್ಲಿ ಟ್ರಿಪ್ಟೊಫಾನ್ ಅಂತ ಏನೋ ಇದೆ, ಅದಕ್ಕೇ ನಿದ್ದೆ ಬರುತ್ತದೆ ಅಂತ ಜೊತೆಗೊಂದು ವಿವರಣೆ ಬೇರೆ. ಅದು ಮಾಮೂಲಿ ಕೋಳಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಪಾಪ, ಟರ್ಕಿಯದ್ದೇನೂ ತಪ್ಪಿಲ್ಲ.

ಲೆಕ್ಕ ನೋಡಿ. ಚರ್ಮ ತೆಗೆದ ಎದೆ ಭಾಗದ ಮಾಂಸ 100 ಗ್ರಾಂ ತಿಂದರೆ ಸುಮಾರು 30 ಗ್ರಾಂ ಪ್ರೋಟೀನ್ ಸಿಗುತ್ತದೆ. ಕೊಬ್ಬು 2 ಗ್ರಾಂ ಆಸುಪಾಸು, ಕ್ಯಾಲೊರಿ 150ರ ಒಳಗೆ. ಇದಕ್ಕಿಂತ ಹಗುರ ಮಾಂಸ ಸಿಗುವುದೇ ಕಷ್ಟ. ಭಾರ ಮಾಡುವುದು ಅದರ ಜೊತೆಗೆ ಬರುವ ದಿಬ್ಬಣ. ಆಲೂಗಡ್ಡೆ ಮ್ಯಾಶ್‌ಗೆ ಒಂದು ಸ್ಟಿಕ್ ಬೆಣ್ಣೆ, ಅಂದರೆ 113 ಗ್ರಾಂ, ಅಂದರೆ 800 ಕ್ಯಾಲೊರಿ. ಬ್ರೆಡ್ಡಿನ ತುಂಡುಗಳಿಂದ ಮಾಡುವ ಸ್ಟಫಿಂಗ್‌ಗೆ ಇನ್ನೊಂದು ಸ್ಟಿಕ್. ಟರ್ಕಿ ಮೈಗೆ ಹಚ್ಚಲು ಮತ್ತೊಂದು. ಗೆಣಸಿನ ಮೇಲೆ ಮಾರ್ಷ್‌ಮೆಲೊ, ಕ್ರ್ಯಾನ್‌ಬೆರಿಗೆ ಒಂದು ಕಪ್ ಸಕ್ಕರೆ, ಕೊನೆಗೆ ಪೈ. ಹಾಗಾಗಿ ಹಗುರ ಊಟ ಮಾಡಬೇಕು ಅಂದರೆ ಟರ್ಕಿ ಬಿಟ್ಟು ಸಲಾಡ್ ತಿನ್ನಬೇಕಿಲ್ಲ. ಟರ್ಕಿಯನ್ನು ಚೆನ್ನಾಗಿ ಬೇಯಿಸಿ, ಸುತ್ತಲಿನದ್ದಕ್ಕೆ ಕೈ ಹಾಕಬೇಕು, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲವನ್ನೂ ಹಗುರ ಮಾಡಲು ಹೋಗಬೇಡಿ. ಒಂದು ವರ್ಷ ನಾನು ಹಾಗೆ ಮಾಡಿದ್ದೆ. ಬೆಣ್ಣೆ ಇಲ್ಲ, ಸಕ್ಕರೆ ಇಲ್ಲ, ಪೈ ಇಲ್ಲ. ಬಂದವರೆಲ್ಲ ತುಂಬ ಮರ್ಯಾದೆಯಿಂದ ತಿಂದು ಬೇಗ ಬೇಗ ಮನೆಗೆ ಹೋದರು. ಈಗ ನಿಯಮ ಬೇರೆ. ಮನೆಯವರು ವರ್ಷವಿಡೀ ಕಾಯುವ ಒಂದು ಐಟಂ ಹೇಗಿದೆಯೋ ಹಾಗೇ ಇರಲಿ, ಉಳಿದದ್ದನ್ನು ಸರಿಪಡಿಸಿ. ನಮ್ಮಲ್ಲಿ ಅದು ಪೀಕಾನ್ ಪೈ. ಅದರ ತಂಟೆಗೆ ನಾನು ಹೋಗುವುದಿಲ್ಲ.

ಕೊಳ್ಳುವಾಗಲೇ ಅರ್ಧ ಕೆಲಸ

ಅಂಗಡಿಯಲ್ಲಿ 20 ಪೌಂಡಿನ ಟರ್ಕಿ ಅಗ್ಗಕ್ಕೆ ಸಿಗುತ್ತಿದೆ ಅಂತ ಎತ್ತಿಕೊಂಡು ಬರಬೇಡಿ. ತಲೆಗೆ ಒಂದರಿಂದ ಒಂದೂವರೆ ಪೌಂಡ್ ಸಾಕು, ಅದರಲ್ಲಿ ಮೂಳೆಯ ತೂಕವೂ ಸೇರಿದೆ. ಎಂಟು ಜನ ಮಾಂಸ ತಿನ್ನುವವರಿದ್ದರೆ 12 ಪೌಂಡಿನದ್ದು ಧಾರಾಳ, ಮಾರನೇ ದಿನಕ್ಕೂ ಉಳಿಯುತ್ತದೆ. ಕನ್ನಡದವರ ಮನೆ ಊಟ ಅಂದಮೇಲೆ ಬರುವವರಲ್ಲಿ ಅರ್ಧ ಜನ ಸಸ್ಯಾಹಾರಿಗಳು ಇದ್ದೇ ಇರುತ್ತಾರೆ, ಆಗ ಇಡೀ ಹಕ್ಕಿಯ ಗೊಡವೆಯೇ ಬೇಡ. ಮೂಳೆ ಇರುವ ಎದೆ ಭಾಗ ಮಾತ್ರ ಐದಾರು ಪೌಂಡಿನದ್ದು ಬೇರೆಯೇ ಸಿಗುತ್ತದೆ. ನಾಲ್ಕೈದು ಜನಕ್ಕೆ ಅದೇ ಸರಿ. ಬೇಗ ಬೇಯುತ್ತದೆ, ಕೊಬ್ಬೂ ಕಡಿಮೆ.

ಮುಖ್ಯವಾದದ್ದು ಲೇಬಲ್. ಎಷ್ಟೋ ಟರ್ಕಿಗಳಿಗೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ. ಸೆಲ್ಫ್ ಬೇಸ್ಟಿಂಗ್, ಎನ್‌ಹ್ಯಾನ್ಸ್ಡ್, ಇಷ್ಟು ಪರ್ಸೆಂಟ್ ಸೊಲ್ಯೂಷನ್ ಅಂತೆಲ್ಲ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಬಿಪಿ ಇರುವವರು ಮನೆಯಲ್ಲಿದ್ದರೆ ಇದನ್ನು ಬಿಡಿ. ಇಂಗ್ರೀಡಿಯಂಟ್ಸ್ ಸಾಲಿನಲ್ಲಿ ಟರ್ಕಿ ಒಂದೇ ಇರುವುದನ್ನು ತೆಗೆದುಕೊಳ್ಳಿ. ಯಹೂದಿ ಕ್ರಮದಲ್ಲಿ ಸಿದ್ಧಪಡಿಸಿದ ಕೋಷರ್ ಟರ್ಕಿಗೂ ಮೊದಲೇ ಉಪ್ಪು ಹಾಕಿರುತ್ತಾರೆ, ನೆನಪಿರಲಿ. ಉಪ್ಪು ಹಾಕಿದ್ದೇ ಸಿಕ್ಕಿತು, ಬೇರೆ ದಾರಿಯಿಲ್ಲ ಅಂದರೆ ನೀವು ಮೇಲೆ ಇನ್ನೊಂದು ಸಲ ಉಪ್ಪು ಸವರಬೇಡಿ.

ಕರಗಿಸುವ ಕಥೆ

ನನ್ನ ಮೊದಲನೇ ಟರ್ಕಿಯನ್ನು ಹಿಂದಿನ ದಿನ ರಾತ್ರಿ ಫ್ರೀಜರ್‌ನಿಂದ ತೆಗೆದು ಫ್ರಿಜ್‌ಗೆ ಇಟ್ಟಿದ್ದೆ. ಕೋಳಿ ತರಹವೇ ಬೆಳಗ್ಗೆ ಹೊತ್ತಿಗೆ ಕರಗಿರುತ್ತದೆ ಅಂದುಕೊಂಡಿದ್ದೆ. ಬೆಳಗ್ಗೆ ನೋಡಿದರೆ ಬಂಡೆಕಲ್ಲು. ಅವತ್ತು ನಾವು ಊಟ ಮಾಡಿದ್ದು ರಾತ್ರಿ ಹತ್ತಕ್ಕೆ, ಅದೂ ಚಿತ್ರಾನ್ನ.

ನಾಲ್ಕೈದು ಪೌಂಡಿಗೆ ಒಂದು ಇಡೀ ದಿನ, ಇದು ಫ್ರಿಜ್‌ನಲ್ಲಿ ಕರಗಿಸುವ ಲೆಕ್ಕ. 12 ಪೌಂಡಿಗೆ ಮೂರು ದಿನ ಬೇಕು. ಹಬ್ಬ ಯಾವಾಗಲೂ ನವೆಂಬರಿನ ನಾಲ್ಕನೇ ಗುರುವಾರವೇ, 1941ರಲ್ಲಿ ಅದಕ್ಕೆ ಕಾನೂನೇ ಮಾಡಿದ್ದಾರೆ, ಹಿಂದಿನ ದಿನ ಬೆಳಗ್ಗೆಯೇ ಮಸಾಲೆ ಹಚ್ಚಬೇಕು, ಹಾಗಾಗಿ ಶನಿವಾರ ರಾತ್ರಿ ಮಲಗುವ ಮುಂಚೆ ಟರ್ಕಿಯನ್ನು ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ಶೆಲ್ಫಿಗೆ ಇಳಿಸುವುದು ಅಂತ ಫೋನಿನಲ್ಲಿ ಅಲಾರಂ ಇಟ್ಟುಕೊಂಡುಬಿಡಿ. ಕೆನಡಾದಲ್ಲಿರುವವರಿಗೆ ಹಬ್ಬ ಅಕ್ಟೋಬರ್ ಎರಡನೇ ಸೋಮವಾರ, ಅವರು ಬುಧವಾರ ರಾತ್ರಿ ಶುರು ಮಾಡಬೇಕು. ಅಡಿಗೊಂದು ಟ್ರೇ ಇರಲಿ, ನೀರು ಸೋರುತ್ತದೆ.

ಮರೆತುಬಿಟ್ಟಿರಾ? ಪ್ಲಾಸ್ಟಿಕ್ ಸುತ್ತಿದ ಹಾಗೇ ಸಿಂಕಿನಲ್ಲಿ ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ. ಪೌಂಡಿಗೆ ಅರ್ಧ ಗಂಟೆಯಂತೆ 12 ಪೌಂಡಿಗೆ ಆರು ಗಂಟೆ. ಹೀಗೆ ಕರಗಿಸಿದ್ದನ್ನು ತಕ್ಷಣ ಬೇಯಿಸಬೇಕು. ಬಿಸಿನೀರು ಬೇಡ, ಕಟ್ಟೆ ಮೇಲೆ ಇಟ್ಟು ಕರಗಿಸುವುದಂತೂ ಬೇಡವೇ ಬೇಡ. ಒಳಗಿನ್ನೂ ಐಸ್ ಇರುವಾಗಲೇ ಹೊರಗಡೆ ಕೆಡಲು ಶುರುವಾಗಿರುತ್ತದೆ.

ಇನ್ನೊಂದು ವಿಷಯ, ಇದಕ್ಕೆ ನಮ್ಮವರು ಒಪ್ಪುವುದೇ ಇಲ್ಲ. ಟರ್ಕಿಯನ್ನು ತೊಳೆಯಬೇಡಿ. ಅರಿಶಿನ ಹಾಕಿ ಮೂರು ನೀರಲ್ಲಿ ತೊಳೆದು ಅಭ್ಯಾಸವಾದ ಕೈಗೆ ಇದು ಕಷ್ಟ, ನನಗೂ ಕಷ್ಟವಾಗಿತ್ತು. ಆದರೆ ಅಷ್ಟು ದೊಡ್ಡ ಹಕ್ಕಿಯನ್ನು ಸಿಂಕಿನಲ್ಲಿ ತೊಳೆದರೆ ಸಾಲ್ಮೊನೆಲಾದಂಥ ಬ್ಯಾಕ್ಟೀರಿಯಾ ನೀರಿನ ಜೊತೆ ಸುತ್ತಮುತ್ತ ಸಿಡಿಯುತ್ತದೆ. ಪಕ್ಕದಲ್ಲೇ ಕೋಸಂಬರಿಗೆ ಸೌತೆಕಾಯಿ ಹೆಚ್ಚಿಟ್ಟಿರುತ್ತೀರಿ. ಅಮೆರಿಕದ ಕೃಷಿ ಇಲಾಖೆಯೂ ತೊಳೆಯಬೇಡಿ ಅಂತಲೇ ಹೇಳುತ್ತದೆ. ಪೇಪರ್ ಟವೆಲ್‌ನಿಂದ ಒರೆಸಿ, ಸಾಕು. ಓವನ್ ಬಿಸಿಗೆ ಎಲ್ಲ ಸಾಯುತ್ತವೆ.

ಒಳಗೆ ಕೈ ಹಾಕಿ ನೋಡುವುದನ್ನು ಮರೆಯಬೇಡಿ. ಕತ್ತು, ಲಿವರ್ ಇತ್ಯಾದಿ ಇರುವ ಒಂದು ಸಣ್ಣ ಚೀಲ ಇರುತ್ತದೆ. ಹಿಂಬದಿ ಸಿಗಲಿಲ್ಲ ಅಂದರೆ ಕತ್ತಿನ ಕಡೆ ಹುಡುಕಿ. ಚೀಲದ ಸಮೇತ ಬೇಯಿಸಿದವರು ನಾನೊಬ್ಬನೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಉಪ್ಪು, ಸೊಪ್ಪು, ಮೆಣಸು

ಇಲ್ಲಿ ಅಮೆರಿಕದವರು ಬಕೆಟ್ಟಿನಲ್ಲಿ ಉಪ್ಪುನೀರು ಮಾಡಿ ಟರ್ಕಿಯನ್ನು ರಾತ್ರಿಯಿಡೀ ನೆನೆಸುತ್ತಾರೆ. ಮಾಂಸ ಮೆತ್ತಗಾಗುತ್ತದೆ ನಿಜ, ಆದರೆ ಉಪ್ಪು ಎಷ್ಟು ಒಳಗೆ ಹೋಯಿತು ಅನ್ನುವುದಕ್ಕೆ ಲೆಕ್ಕವಿಲ್ಲ. ಅದಕ್ಕಿಂತ ಒಣ ಉಪ್ಪು ಸವರುವುದು ವಾಸಿ. 12 ಪೌಂಡಿಗೆ ಒಂದು ಟೇಬಲ್ ಚಮಚ ಪುಡಿ ಉಪ್ಪು ಸಾಕು. ಒಂದು ಟೀ ಚಮಚ ಉಪ್ಪಿನಲ್ಲಿ ಸುಮಾರು 2,300 ಮಿಲಿಗ್ರಾಂ ಸೋಡಿಯಂ ಇರುತ್ತದೆ, ದೊಡ್ಡವರಿಗೆ ಇಡೀ ದಿನಕ್ಕೆ ಅದೇ ಮಿತಿ. ಮೂರು ಚಮಚ ಎಂಟು ಜನಕ್ಕೆ ಹಂಚಿಹೋಗುತ್ತದೆ, ಮಾರನೇ ದಿನಕ್ಕೂ ಒಂದಷ್ಟು ಉಳಿಯುತ್ತದೆ, ಹಾಗಾಗಿ ಪರವಾಗಿಲ್ಲ. ಆದರೆ ಗ್ರೇವಿಗೂ ಸ್ಟಫಿಂಗ್‌ಗೂ ಮತ್ತೆ ಮತ್ತೆ ಉಪ್ಪು ಸುರಿಯಬೇಡಿ.

ಈಗ ಬರುವುದು ಈ ಇಡೀ ಅಡುಗೆಯ ಗುಟ್ಟು. ಮಸಾಲೆಯನ್ನು ಚರ್ಮದ ಮೇಲೆ ಹಚ್ಚಬೇಡಿ, ಚರ್ಮದ ಕೆಳಗೆ ಹಚ್ಚಿ. ಎದೆಯ ಕಡೆ ಚರ್ಮದ ಅಡಿಗೆ ಬೆರಳು ತೂರಿಸಿದರೆ ಚರ್ಮ ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಚೀಲದ ತರಹ. ಬೇಯುವಾಗ ಚರ್ಮ ಇರಲೇಬೇಕು, ಇಲ್ಲದಿದ್ದರೆ ಮಾಂಸ ಒಣಗಿ ನಾರಾಗುತ್ತದೆ. ಚರ್ಮದ ಕೊಬ್ಬು ಮಾಂಸದೊಳಗೆ ಅಷ್ಟೇನೂ ಇಳಿಯುವುದಿಲ್ಲ, ಆದ್ದರಿಂದ ಬೆಂದಮೇಲೆ ಚರ್ಮ ತೆಗೆದಿಟ್ಟರೆ ಕೊಬ್ಬು ಅದರ ಜೊತೆಗೇ ಹೋಯಿತು. ಆದರೆ ಮಸಾಲೆ ಚರ್ಮದ ಮೇಲಿದ್ದರೆ ರುಚಿಯೂ ಅದರ ಜೊತೆಗೇ ಹೋಗುತ್ತದೆ, ಅಲ್ವಾ? ಹಗುರ ಟರ್ಕಿ ಸಪ್ಪೆ ಅಂತ ಜನ ಮೂಗು ಮುರಿಯುವುದು ಇದೇ ಕಾರಣಕ್ಕೆ.

ಎಂಟು ಹತ್ತು ಎಸಳು ಬೆಳ್ಳುಳ್ಳಿ ಜಜ್ಜಿ, ಹೊಸದಾಗಿ ಕುಟ್ಟಿದ ಕಾಳುಮೆಣಸು ಎರಡು ಟೀ ಚಮಚ, ಒಂದು ಕಿತ್ತಳೆ ಹಣ್ಣಿನ ಸಿಪ್ಪೆಯ ತುರಿ, ಸಣ್ಣಗೆ ಹೆಚ್ಚಿದ ಸೇಜ್, ಥೈಮ್, ರೋಸ್‌ಮೆರಿ ಸೊಪ್ಪು ಒಂದು ಹಿಡಿ, ಒಂದೂವರೆ ಟೇಬಲ್ ಚಮಚ ಎಣ್ಣೆ, ಮೇಲೆ ಹೇಳಿದ ಉಪ್ಪು. ಎಲ್ಲ ಕಲಸಿ ಬುಧವಾರ ಬೆಳಗ್ಗೆಯೇ ಚರ್ಮದ ಕೆಳಗೆ ಸವರಿ, ಮುಚ್ಚದೆ ಫ್ರಿಜ್‌ನಲ್ಲಿ ಇಡಿ. ಮುಚ್ಚದೆ ಇಟ್ಟರೆ ಚರ್ಮ ಒಣಗಿ ಗರಿಗರಿಯಾಗುತ್ತದೆ. ಊರಿನಿಂದ ತಂದ ಮಲೆನಾಡಿನ ಮೆಣಸು ಡಬ್ಬಿಯಲ್ಲಿದ್ದರೆ ಇವತ್ತು ಹೊರಗೆ ತೆಗೆಯಿರಿ. ಗರಂ ಮಸಾಲೆ, ಮೊಸರು ಎಲ್ಲ ಹಾಕಿ ತಂದೂರಿ ಟರ್ಕಿ ಮಾಡುವವರೂ ಇದ್ದಾರೆ. ಮಾಡಿ, ತಪ್ಪೇನಿಲ್ಲ. ನನಗೆ ಮಾತ್ರ ವರ್ಷಕ್ಕೊಂದು ಸಲ ಮನೆ ತುಂಬ ಸೇಜ್ ವಾಸನೆ ಬಂದರೇ ಅವತ್ತು ಹಬ್ಬ ಅನ್ನಿಸುವುದು.

ಬೆನ್ನುಮೂಳೆ ತೆಗೆದು ಚಪ್ಪಟೆ ಮಾಡಿ

ಇಡೀ ಟರ್ಕಿಯಲ್ಲಿ ಒಂದು ತೊಂದರೆ ಇದೆ. ತೊಡೆ ಬೇಯುವಷ್ಟರಲ್ಲಿ ಎದೆ ಒಣಗಿಹೋಗಿರುತ್ತದೆ. ಒಣಗಿದ್ದನ್ನು ಮುಚ್ಚಿಹಾಕಲು ಮೇಲೆ ಸೌಟುಗಟ್ಟಲೆ ಗ್ರೇವಿ ಸುರಿಯುತ್ತಾರೆ, ಬೆಣ್ಣೆ ಹಚ್ಚುತ್ತಾರೆ. ಭಾರದ ಊಟ ಶುರುವಾಗುವುದೇ ಇಲ್ಲಿಂದ. ಮಾಂಸ ರಸಭರಿತವಾಗಿದ್ದರೆ ಗ್ರೇವಿ ಎರಡು ಚಮಚ ಸಾಕಾಗುತ್ತದೆ.

ಅದಕ್ಕೇ ನಾನು ಹಕ್ಕಿಯನ್ನು ಪುಸ್ತಕದ ಹಾಗೆ ಬಿಡಿಸಿ ಬೇಯಿಸುತ್ತೇನೆ. ಇಲ್ಲಿಯವರು ಇದಕ್ಕೆ ಸ್ಪ್ಯಾಚ್‌ಕಾಕ್ ಅನ್ನುತ್ತಾರೆ. ಟರ್ಕಿಯನ್ನು ಬೋರಲು ಹಾಕಿ, ಗಟ್ಟಿಯಾದ ಅಡುಗೆ ಕತ್ತರಿಯಿಂದ ಬೆನ್ನುಮೂಳೆಯ ಎರಡೂ ಪಕ್ಕ ಕತ್ತರಿಸಿ ಮೂಳೆ ತೆಗೆಯಿರಿ. ತಿರುಗಿಸಿ, ಎದೆಮೂಳೆಯ ಮೇಲೆ ಎರಡೂ ಅಂಗೈ ಇಟ್ಟು ಜೋರಾಗಿ ಒತ್ತಿ. ಲಟಕ್ ಅನ್ನುತ್ತದೆ, ಚಪ್ಪಟೆ ಆಗುತ್ತದೆ. ಕೈಲಾಗದಿದ್ದರೆ ಕೊಳ್ಳುವಾಗಲೇ ಮಾಂಸದ ಕೌಂಟರಿನವರನ್ನು ಕೇಳಿ ನೋಡಿ. ಮಸಾಲೆ ಸವರುವ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಿ. ಆ ಬೆನ್ನುಮೂಳೆ, ಕತ್ತು ಎಸೆಯಬೇಡಿ, ಅದರ ಕೆಲಸ ಮುಂದಿದೆ.

ಅಗಲವಾದ ಟ್ರೇನಲ್ಲಿ ದಪ್ಪ ದಪ್ಪ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿ ಹರಡಿ, ಎರಡು ಕಪ್ ನೀರು ಹಾಕಿ, ಮೇಲೆ ಜಾಲರಿ ಇಟ್ಟು ಅದರ ಮೇಲೆ ಟರ್ಕಿ. ನೀರಿಲ್ಲದಿದ್ದರೆ ಕೊಬ್ಬು ತೊಟ್ಟಿಕ್ಕಿ ಹೊಗೆ ಎದ್ದು, ಸ್ಮೋಕ್ ಅಲಾರಂ ಕಿರುಚಿ, ನೆಂಟರೆಲ್ಲ ಕಿಟಕಿ ತೆಗೆಯಲು ಓಡಬೇಕಾಗುತ್ತದೆ. ಓವನ್ 425 ಡಿಗ್ರಿ ಫ್ಯಾರನ್‌ಹೀಟ್. 12 ಪೌಂಡಿನದ್ದು ಹೀಗೆ ಚಪ್ಪಟೆ ಮಾಡಿದರೆ ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆಯಲ್ಲಿ ಬೇಯುತ್ತದೆ. ಮೇಲೆ ಜಾಸ್ತಿ ಕೆಂಪಾಗುತ್ತಿದ್ದರೆ ಫಾಯಿಲ್ ಮುಚ್ಚಿ.

ಇಲ್ಲ, ಮೇಜಿನ ಮೇಲೆ ಇಡೀ ಟರ್ಕಿಯೇ ಕೂತಿರಬೇಕು, ಫೋಟೊ ತೆಗೆಯಬೇಕು ಅನ್ನುವವರಿಗೆ: 325 ಡಿಗ್ರಿ, ಒಳಗೆ ಏನೂ ತುಂಬದೆ, 12 ಪೌಂಡಿಗೆ ಮೂರರಿಂದ ಮೂರೂಮುಕ್ಕಾಲು ಗಂಟೆ. ಎದೆ ಭಾಗ ಮಾತ್ರ ಆದರೆ ಅದೇ ಬಿಸಿಯಲ್ಲಿ ಒಂದೂವರೆಯಿಂದ ಎರಡೂಕಾಲು ಗಂಟೆ.

ಆದರೆ ಗಂಟೆ ನೋಡಿ ನಂಬಬೇಡಿ. ಹದಿನೈದು ಡಾಲರಿನ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಎದೆಯ ದಪ್ಪ ಭಾಗ, ತೊಡೆಯ ಒಳಭಾಗ, ರೆಕ್ಕೆಯ ಸಂದು, ಮೂರೂ ಕಡೆ ಚುಚ್ಚಿ ನೋಡಿ, ಮುಳ್ಳು ಮೂಳೆಗೆ ತಾಗಬಾರದು. 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಬಂತು ಅಂದರೆ ಮುಗಿಯಿತು, ಹೊರಗೆ ತೆಗೆಯಿರಿ. "ಇನ್ನೊಂದರ್ಧ ಗಂಟೆ ಇರಲಿ, ಮಾಂಸ ಅಲ್ವಾ, ಚೆನ್ನಾಗಿ ಬೇಯಲಿ" ಅಂತ ಯಾರಾದರೂ ಹಿರಿಯರು ಹೇಳಿಯೇ ಹೇಳುತ್ತಾರೆ. ನಗುತ್ತಾ "ಆಗಲಿ" ಅನ್ನಿ, ಓವನ್ ಆರಿಸಿ. ಕೆಲವು ಟರ್ಕಿಗಳ ಎದೆಗೆ ಒಂದು ಪ್ಲಾಸ್ಟಿಕ್ ಗುಂಡಿ ಚುಚ್ಚಿರುತ್ತಾರಲ್ಲ, ಬೆಂದಾಗ ಮೇಲೆ ಪುಟಿಯುತ್ತದೆ ಅಂತ, ಅದನ್ನೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ಎಷ್ಟೋ ಸಲ ಅದು ಏಳುವ ಹೊತ್ತಿಗೆ ಎದೆ ಮಾಂಸ ಹತ್ತಿಯಾಗಿರುತ್ತದೆ.

ತೆಗೆದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಮುಟ್ಟಬೇಡಿ. ತಕ್ಷಣ ಕೊಯ್ದರೆ ರಸವೆಲ್ಲ ಹಲಗೆ ಮೇಲೆ ಹರಿದುಹೋಗುತ್ತದೆ. ಆಮೇಲೆ ಎದೆಯ ಎರಡು ಭಾಗವನ್ನೂ ಮೂಳೆಯಿಂದ ಇಡಿಯಾಗಿ ಬಿಡಿಸಿ, ನಾರಿಗೆ ಅಡ್ಡಲಾಗಿ ಹೋಳು ಮಾಡಿ. ಚರ್ಮವನ್ನು ಬೇರೆ ತಟ್ಟೆಯಲ್ಲಿ ಇಡಿ. ಬೇಕಾದವರು ಒಂದು ತುಂಡು ತೆಗೆದುಕೊಳ್ಳಲಿ, ಗರಿಗರಿ ಚರ್ಮದ ಆಸೆ ನನಗೂ ಇದೆ. ಎಲ್ಲರ ತಟ್ಟೆಗೂ ತಾನೇ ಹೋಗಿ ಬೀಳಬಾರದು, ಅಷ್ಟೇ.

ಗ್ರೇವಿಗೆ ಮಿಕ್ಸಿ

ಇಲ್ಲಿಯ ಗ್ರೇವಿಯ ಕ್ರಮ ಅಂದರೆ ಟ್ರೇಗೆ ಇಳಿದ ಕೊಬ್ಬು ಇಲ್ಲವೇ ಬೆಣ್ಣೆಯಲ್ಲಿ ಅಷ್ಟೇ ಮೈದಾ ಹುರಿದು ಸ್ಟಾಕ್, ಅಂದರೆ ಮೂಳೆ ಕುದಿಸಿ ಸೋಸಿದ ನೀರು, ಸುರಿಯುವುದು. ನಮಗೆ ಗ್ರೇವಿ ಗಟ್ಟಿ ಮಾಡಲು ಮೈದಾ ಯಾಕೆ? ಈರುಳ್ಳಿ ರುಬ್ಬಿ ಗೊತ್ತಿಲ್ಲವೇ?

ಹಿಂದಿನ ದಿನವೇ ಬೆನ್ನುಮೂಳೆ, ಕತ್ತು, ಒಂದು ಈರುಳ್ಳಿ, ನಾಲ್ಕು ಮೆಣಸುಕಾಳು ಹಾಕಿ ಎರಡು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ ಫ್ರಿಜ್‌ನಲ್ಲಿ ಇಡಿ. ಲಿವರ್ ಹಾಕಬೇಡಿ, ಕಹಿಯಾಗುತ್ತದೆ. ಬೆಳಗ್ಗೆ ಹೊತ್ತಿಗೆ ಮೇಲೆ ಕೊಬ್ಬು ಬಿಳಿ ಕೆನೆಯ ಹಾಗೆ ಹೆಪ್ಪುಗಟ್ಟಿರುತ್ತದೆ, ಚಮಚದಲ್ಲಿ ಎತ್ತಿ ಬಿಸಾಕಿ. ಟರ್ಕಿ ಬೆಂದಮೇಲೆ ಟ್ರೇನಲ್ಲಿ ಉಳಿದ ರಸವನ್ನು ಉದ್ದನೆಯ ಗಾಜಿನ ಜಗ್ಗಿಗೆ ಬಗ್ಗಿಸಿ ಕಾಲು ಗಂಟೆ ಫ್ರೀಜರ್‌ನಲ್ಲಿ ಇಟ್ಟರೆ ಅದರ ಕೊಬ್ಬೂ ಮೇಲೆ ಬರುತ್ತದೆ, ತೆಗೆಯಿರಿ. ಕೆಳಗಿನ ಕಂದು ರಸದಲ್ಲೇ ರುಚಿ ಇರುವುದು. ಟ್ರೇನಲ್ಲಿ ಬೆಂದ ಈರುಳ್ಳಿ ಕ್ಯಾರೆಟ್ ಒಂದು ಕಪ್ಪಿನಷ್ಟು, ಈ ರಸ, ಎರಡು ಕಪ್ ಸ್ಟಾಕ್, ಎಲ್ಲ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಒಂದು ಕುದಿ ಬರಿಸಿ. ಬಿಸಿಯಾದದ್ದನ್ನು ಮಿಕ್ಸಿಗೆ ಹಾಕುವಾಗ ಜಾರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಮುಚ್ಚಳ ಹಾರುತ್ತದೆ. ಇನ್ನೂ ತೆಳ್ಳಗಿದೆ ಅನ್ನಿಸಿದರೆ ಒಂದು ಚಮಚ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಕದಡಿ ಸೇರಿಸಿ. ರುಚಿ ನೋಡಿಯೇ ಉಪ್ಪು ಹಾಕಿ, ಮುಕ್ಕಾಲು ಪಾಲು ಬೇಕಾಗುವುದಿಲ್ಲ.

ಸುತ್ತಲಿನ ದಿಬ್ಬಣ

ಸ್ಟಫಿಂಗ್ ಅನ್ನು ಟರ್ಕಿಯ ಹೊಟ್ಟೆಯೊಳಗೆ ತುಂಬಬೇಡಿ. ಅದರ ನಡುಭಾಗವೂ 165 ಡಿಗ್ರಿ ಮುಟ್ಟಬೇಕು, ಅಷ್ಟರಲ್ಲಿ ಮಾಂಸ ಒಣಗುತ್ತದೆ, ಮೇಲಾಗಿ ಬ್ರೆಡ್ಡು ಕೊಬ್ಬೆಲ್ಲ ಹೀರಿ ಕೂತಿರುತ್ತದೆ. ಬೇರೆ ಪಾತ್ರೆಯಲ್ಲೇ ಮಾಡಿ. ಗೋಧಿ ಬ್ರೆಡ್ಡಿನ ತುಂಡುಗಳನ್ನು ಒಣಗಿಸಿ, ಅಷ್ಟೇ ಪ್ರಮಾಣದ ಅಣಬೆ, ಸೆಲರಿ, ಈರುಳ್ಳಿ, ಒಂದು ಹುಳಿ ಸೇಬು, ಒಂದು ಹಿಡಿ ಅಕ್ರೋಟ್, ಬಾಡಿಸಲು ಎರಡು ಚಮಚ ಎಣ್ಣೆ. ತರಕಾರಿ ಸ್ಟಾಕ್ ಹಾಕಿ ಕಲಸಿ 350 ಡಿಗ್ರಿಯಲ್ಲಿ ಮುಚ್ಚಿ ಅರ್ಧ ಗಂಟೆ, ತೆರೆದು ಕಾಲು ಗಂಟೆ. ಬ್ರೆಡ್ಡು ಅರ್ಧಕ್ಕೆ ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ.

ತರಕಾರಿ ಸ್ಟಾಕ್ ಅಂದದ್ದು ಸುಮ್ನೆ ಅಲ್ಲ. ಸಸ್ಯಾಹಾರಿ ಸ್ನೇಹಿತರು ಪಾಪ ಸ್ಟಫಿಂಗ್ ಬರೀ ಬ್ರೆಡ್ಡು ಅಂದುಕೊಂಡು ಹಾಕಿಸಿಕೊಳ್ಳುತ್ತಾರೆ, ಒಳಗೆ ಚಿಕನ್ ಸ್ಟಾಕ್ ಇರುತ್ತದೆ. ಮಾರ್ಷ್‌ಮೆಲೊದಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯ ಮೂಳೆ ಚರ್ಮದಿಂದ ಬರುವಂಥದ್ದು. ಕೆಲವು ಪೈಗಳ ಹಿಟ್ಟಿಗೆ ಹಂದಿ ಕೊಬ್ಬು ಹಾಕಿರುತ್ತಾರೆ. ಕರೆದ ಮೇಲೆ ಇಷ್ಟು ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಯಾವುದು ಯಾರಿಗೆ ಅಂತ ಚೀಟಿ ಬರೆದು ಅಂಟಿಸಿಬಿಡಿ.

ಮ್ಯಾಶ್‌ಗೆ ಅರ್ಧ ಆಲೂಗಡ್ಡೆ, ಅರ್ಧ ಹೂಕೋಸು. ಹೂಕೋಸನ್ನು ಹಬೆಯಲ್ಲಿ ಮೆತ್ತಗೆ ಬೇಯಿಸಿ ಬಟ್ಟೆಯಲ್ಲಿ ಹಾಕಿ ನೀರು ಹಿಂಡಬೇಕು, ಇದನ್ನು ಬಿಟ್ಟರೆ ಮ್ಯಾಶ್ ಗಂಜಿಯಾಗುತ್ತದೆ. ಓವನ್‌ನಲ್ಲಿ ಸುಟ್ಟ ಒಂದು ಇಡೀ ಗೆಡ್ಡೆ ಬೆಳ್ಳುಳ್ಳಿ ಕಿವುಚಿ ಹಾಕಿ. ಎಂಟು ಜನಕ್ಕೆ ಎರಡು ಟೇಬಲ್ ಚಮಚ ಬೆಣ್ಣೆ, ಅರ್ಧ ಕಪ್ ಗಟ್ಟಿ ಮೊಸರು. ಮೊಸರು ಒಲೆ ಆರಿಸಿದ ಮೇಲೆ ಹಾಕಿ, ಇಲ್ಲವಾದರೆ ಒಡೆಯುತ್ತದೆ. ಪೂರ್ತಿ ಹೂಕೋಸಿನದ್ದೇ ಮಾಡಿ ಆಲೂಗಡ್ಡೆ ಅಂತ ಮಕ್ಕಳಿಗೆ ಬಡಿಸುವ ಉಪಾಯ ಮಾತ್ರ ಬೇಡ, ಮೊದಲ ತುತ್ತಿಗೇ ಸಿಕ್ಕಿಬೀಳುತ್ತೀರಿ.

ಗ್ರೀನ್ ಬೀನ್ ಕ್ಯಾಸರೋಲ್ ಅನ್ನುವುದು ಹಳೇ ಸಂಪ್ರದಾಯ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅದು 1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ, ಕ್ಯಾಂಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಅನ್ನುವವರು ರೂಪಿಸಿದ ಅಡುಗೆ. ಬೀನ್ಸ್, ಡಬ್ಬಿಯ ಅಣಬೆ ಸೂಪ್, ಮೇಲೆ ಕರಿದ ಈರುಳ್ಳಿ. ಅಷ್ಟು ಹೊಸದಾದ ಸಂಪ್ರದಾಯದ ಜಾಗದಲ್ಲಿ ನಮ್ಮ ಹುರುಳಿಕಾಯಿ ಪಲ್ಯ ಇಟ್ಟರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ. ಎರಡು ಟೀ ಚಮಚ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು, ಹಸಿರು ಮಾಸದ ಹಾಗೆ ಬೇಯಿಸಿದ ಬೀನ್ಸ್, ಮೇಲೊಂದಿಷ್ಟು ಕಾಯಿತುರಿ. ಪಕ್ಕದ ಮನೆಯ ಅಮೆರಿಕನ್ ದಂಪತಿ ಎರಡನೇ ಸಲ ಹಾಕಿಸಿಕೊಳ್ಳುವುದು ಇದನ್ನೇ.

ಗೆಣಸು ತಾನಾಗಿಯೇ ಸಿಹಿ. ಸಂಕ್ರಾಂತಿಗೆ ಬರೀ ಬೇಯಿಸಿ ತಿಂದು ಬೆಳೆದವರಿಗೆ ಅದರ ಮೇಲೆ ಕಂದು ಸಕ್ಕರೆ, ಬೆಣ್ಣೆ, ಮಾರ್ಷ್‌ಮೆಲೊ ಎಲ್ಲ ಹೇರುವುದನ್ನು ನೋಡಿದರೆ ತಲೆ ತಿರುಗುತ್ತದೆ. ಚೌಕ ಹೆಚ್ಚಿ, ಒಂದು ಚಮಚ ಎಣ್ಣೆ, ಚಿಟಿಕೆ ಖಾರದಪುಡಿ ಸವರಿ 400 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಡಿ. ಅಂಚು ಕಪ್ಪಾಗುತ್ತಾ ಬಂದಾಗ ತೆಗೆದು ನಿಂಬೆಹಣ್ಣು ಹಿಂಡಿ.

ಕ್ರ್ಯಾನ್‌ಬೆರಿಯ ವಿಷಯ ಸ್ವಲ್ಪ ಹೇಳಬೇಕು. 12 ಔನ್ಸಿನ ಪೊಟ್ಟಣದ ಹಿಂದೆ ಸಾಮಾನ್ಯವಾಗಿ ಒಂದು ಕಪ್ ಸಕ್ಕರೆ ಹಾಕಿ ಅಂತ ಬರೆದಿರುತ್ತದೆ. 340 ಗ್ರಾಂ ಹಣ್ಣಿಗೆ 200 ಗ್ರಾಂ ಸಕ್ಕರೆ! ಹಣ್ಣು ಹುಳಿ, ಒಗರು, ನಿಜ. ಆದರೆ ಹುಳಿಯನ್ನು ಹೇಗೆ ಪಳಗಿಸಬೇಕು ಅಂತ ಗೊಜ್ಜು ಮಾಡುವವರಿಗೆ ಹೇಳಿಕೊಡಬೇಕಾ? ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು ಒಗ್ಗರಣೆ ಹಾಕಿ, ತೊಳೆದ ಕ್ರ್ಯಾನ್‌ಬೆರಿ, ಅರ್ಧ ಕಪ್ ನೀರು, ಒಂದು ಕಿತ್ತಳೆಯ ರಸ ಹಾಕಿ. ಹಣ್ಣುಗಳು ಪಟಪಟ ಒಡೆಯಲು ಶುರುವಾಗುತ್ತವೆ, ಮಕ್ಕಳನ್ನು ಕರೆದು ತೋರಿಸಿ. ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಆಗ ಕಾಲು ಕಪ್ ಬೆಲ್ಲ, ಅರ್ಧ ಚಮಚ ಖಾರದಪುಡಿ, ಹುರಿದು ಪುಡಿ ಮಾಡಿದ ಮೆಂತ್ಯ ಕಾಲು ಚಮಚ, ಉಪ್ಪು. ಟರ್ಕಿ ಜೊತೆ ಇದು ಎಷ್ಟು ಹೊಂದುತ್ತದೆ ಅಂದರೆ, ಗ್ರೇವಿ ಬಟ್ಟಲು ಹಾಗೇ ಉಳಿದುಬಿಡುತ್ತದೆ. ಬೆಲ್ಲ ಅಂದೆ ಅಂತ ಆರೋಗ್ಯಕ್ಕೆ ಒಳ್ಳೆಯದು ಅಂದುಕೊಂಡು ಜಾಸ್ತಿ ಹಾಕಬೇಡಿ. ಕ್ಯಾಲೊರಿ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೂ ಅಣ್ಣತಮ್ಮಂದಿರೇ. ಇಲ್ಲಿ ಹಗುರವಾಗಿರುವುದು ಪ್ರಮಾಣದಿಂದ.

ಪಂಪ್‌ಕಿನ್ ಪೈನಲ್ಲಿ ಕೊಬ್ಬು ಇರುವುದು ಹೆಚ್ಚಾಗಿ ಕೆಳಗಿನ ಹಿಟ್ಟಿನ ತಟ್ಟೆಯಲ್ಲಿ. ಅದನ್ನು ಬಿಟ್ಟು ಬರೀ ಹೂರಣವನ್ನೇ ಸಣ್ಣ ಬಟ್ಟಲುಗಳಲ್ಲಿ ಬೇಯಿಸಿ. 15 ಔನ್ಸಿನ ಡಬ್ಬಿ ಕುಂಬಳ, 12 ಔನ್ಸ್ ಕೊಬ್ಬಿಲ್ಲದ ಇವಾಪೊರೇಟೆಡ್ ಹಾಲು, ಎರಡು ಮೊಟ್ಟೆ, ಅರ್ಧ ಕಪ್ ಸಕ್ಕರೆ, ಚಕ್ಕೆ, ಶುಂಠಿ, ಏಲಕ್ಕಿ. 350 ಡಿಗ್ರಿಯಲ್ಲಿ ಅರ್ಧ ಗಂಟೆ. ಡಬ್ಬಿ ಕೊಳ್ಳುವಾಗ ಪೈ ಫಿಲ್ಲಿಂಗ್ ಅಂತ ಬರೆದದ್ದು ಬೇಡ, ಅದಕ್ಕೆ ಸಕ್ಕರೆ ಮೊದಲೇ ಸೇರಿಸಿರುತ್ತಾರೆ.

ತಿನ್ನುವ ದಿನ

ಮಧ್ಯಾಹ್ನ ಭರ್ಜರಿ ಊಟ ಇದೆ ಅಂತ ಬೆಳಗಿನಿಂದ ಉಪವಾಸ ಇರಬೇಡಿ. ಹಸಿದು ಕೂತವರೇ ಚಿಪ್ಸ್ ಬಟ್ಟಲು ಖಾಲಿ ಮಾಡುವುದು. ಬೆಳಗ್ಗೆ ಎರಡು ಇಡ್ಲಿ ತಿನ್ನಿ. ಟರ್ಕಿ ಓವನ್‌ನಲ್ಲಿರುವಾಗ ಬಂದವರ ಕೈಗೆ ಹೆಸರುಬೇಳೆ ಕೋಸಂಬರಿ ಕೊಡಿ. ಬಡಿಸುವಾಗ ಮೊದಲು ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಆಮೇಲೆ ಅಂಗೈ ಅಗಲದ ಟರ್ಕಿ, ಉಳಿದ ಜಾಗಕ್ಕೆ ಮ್ಯಾಶ್, ಗೆಣಸು. ಪಾತ್ರೆಗಳನ್ನು ಊಟದ ಮೇಜಿನ ಮೇಲೆ ಇಡದೆ ಅಡುಗೆ ಕಟ್ಟೆ ಮೇಲೇ ಬಿಡಿ. ಎದ್ದು ಹೋಗಬೇಕು ಅಂದರೆ ಎರಡನೇ ಸಲ ಹಾಕಿಕೊಳ್ಳುವವರು ಅರ್ಧ ಆಗುತ್ತಾರೆ, ನಮ್ಮ ಮನೆಯಲ್ಲಂತೂ ಆಗಿದ್ದಾರೆ.

ಊರಿನಲ್ಲಿ ಬೆಳಗ್ಗೆ ಟರ್ಕಿ ಟ್ರಾಟ್ ಅನ್ನುವ ಹಬ್ಬದ ಓಟ ಇದ್ದರೆ ಹೋಗಿಬನ್ನಿ, ಬಫಲೊ ನಗರದವರು 1896ರಿಂದ ಓಡುತ್ತಿದ್ದಾರೆ. ಓವನ್ ಕಾಯುವವರಿಗೆ ಆ ಭಾಗ್ಯ ಇಲ್ಲ. ಅಂಥವರು ಊಟ ಆದಮೇಲೆ ಪೈಗೆ ಮುಂಚೆ ಎಲ್ಲರನ್ನೂ ಹೊರಡಿಸಿಕೊಂಡು ಒಂದು ಸುತ್ತು ನಡೆದು ಬನ್ನಿ. ನವೆಂಬರ್ ಚಳಿ ಅಂತ ಗೊಣಗುತ್ತಾರೆ, ಗೊಣಗಲಿ.

ನಡೆಯಲು ಹೊರಡುವ ಮುಂಚೆ ಮಾತ್ರ ಒಂದು ಕೆಲಸ ಮುಗಿಸಿ. ಓವನ್‌ನಿಂದ ತೆಗೆದ ಎರಡು ಗಂಟೆಯೊಳಗೆ ಉಳಿದ ಮಾಂಸವೆಲ್ಲ ಮೂಳೆಯಿಂದ ಬಿಡಿಸಿ, ಅಗಲವಾದ ಡಬ್ಬಿಗಳಲ್ಲಿ ತೆಳ್ಳಗೆ ಹರಡಿ ಫ್ರಿಜ್ ಸೇರಬೇಕು. ಮೂರು ನಾಲ್ಕು ದಿನ ಇರುತ್ತದೆ, ಅದಕ್ಕಿಂತ ಜಾಸ್ತಿ ಬೇಕಾದರೆ ಫ್ರೀಜರ್. ಮೂಳೆಯೆಲ್ಲ ದೊಡ್ಡ ಪಾತ್ರೆಗೆ ಹಾಕಿ, ಮುಳುಗುವಷ್ಟು ನೀರು, ಶುಂಠಿ, ಬೆಳ್ಳುಳ್ಳಿ ಹಾಕಿ ಮೂರು ಗಂಟೆ ಕುದಿಸಿ ಸೋಸಿ. ಶುಕ್ರವಾರ ಮೇಲಿನ ಕೊಬ್ಬು ತೆಗೆದು, ಮೆಣಸು ಜೀರಿಗೆ ಧನಿಯಾ ಹುರಿದು ಪುಡಿ ಮಾಡಿ ಹಾಕಿ, ಟೊಮ್ಯಾಟೊ ಕಿವುಚಿ, ಬಿಡಿಸಿಟ್ಟ ತೊಡೆ ಮಾಂಸ ಒಂದೆರಡು ಹಿಡಿ ಸೇರಿಸಿ, ಚೆನ್ನಾಗಿ ಕುದಿಸಿ ಸಾರು ಮಾಡಿ. ಇಂಡಿಯನ್ ಅಂಗಡಿಯ ರಾಗಿಹಿಟ್ಟು ಮನೆಯಲ್ಲಿದ್ದರೆ ಎರಡು ಮುದ್ದೆ ತಿರುವಿ. ಬೇರೆಯವರೆಲ್ಲ ಬ್ಲ್ಯಾಕ್ ಫ್ರೈಡೇ ರಿಯಾಯಿತಿ ಮಾರಾಟ ಅಂತ ಅಂಗಡಿ ಮುಂದೆ ಕ್ಯೂ ನಿಂತಿರುವಾಗ ನೀವು ಬಿಸಿ ಮುದ್ದೆ ಮುರಿದು ಸಾರಿಗೆ ಅದ್ದಿ. ನಿಜ ಹೇಳಬೇಕು ಅಂದರೆ ನಾನು ಟರ್ಕಿ ತರುವುದೇ ಈ ಸಾರಿಗೋಸ್ಕರ.